ಚೆಂಗಪ್ಪನ ಕೋವಿಯ ಮೇಲಿನ ಗೀರು

ಚೆಂಗಪ್ಪನ ಕೋವಿಯ ಮೇಲಿರುವ ಗೀರು ಚೆಂಗಪ್ಪನ ಕೈಯಿಂದ ಆದದ್ದಲ್ಲ. ನನ್ನ ಕೈಯಿಂದ ಆದದ್ದು. ಈ ಎರಡು ವಾಕ್ಯ ಬರೆಯಲು ನನಗೆ ಮೂರು ವರ್ಷ ಹಿಡಿಯಿತು. ಕಾರ್ಖಾನೆಯಲ್ಲಿ ಯಾರಾದರೂ ಈ ವೇಗದಲ್ಲಿ ಕೆಲಸ ಮಾಡಿದ್ದರೆ ನಾನೇ ಮೇಲಿನವರಿಗೆ ಬರೆದು ಕಳಿಸುತ್ತಿದ್ದೆ.

ಗೀರು ಎಷ್ಟುದ್ದ? ಎರಡು ಸೋನಾ ಮಸೂರಿ ಕಾಳು ಸಾಲಾಗಿ ಇಟ್ಟಷ್ಟು. ಅಷ್ಟಕ್ಕೆ ಇಷ್ಟು ಪೀಠಿಕೆಯೇ ಎನ್ನಬೇಡಿ. ಅಳತೆಯ ಮನುಷ್ಯ ನಾನು — ಅಷ್ಟೇ ಉದ್ದದ ತಪ್ಪು ಎಷ್ಟು ದೂರ ಹೋಗಬಲ್ಲದು ಎಂಬುದು ನನಗಲ್ಲದೆ ಇನ್ನಾರಿಗೆ ಗೊತ್ತಿರಬೇಕಿತ್ತು?

ಮೊದಲು ಬೆಂಗಳೂರಿನ ಒಂದು ಯಂತ್ರ ಕಾರ್ಖಾನೆಯಲ್ಲಿ, ಆಮೇಲೆ ಮೆಲ್ಬರ್ನಿನ ಡ್ಯಾಂಡಿನಾಂಗಿನಲ್ಲಿ, ಜೀವಮಾನವಿಡೀ ನಾನು ಇನ್‌ಸ್ಪೆಕ್ಟರ್. ಪೊಲೀಸಿನವನಲ್ಲ, ಬೇರೆಯವರು ಮಾಡಿದ ಬಿಡಿಭಾಗವನ್ನು ಅಳೆದು, ಸರಿಯಿಲ್ಲ ಎಂದು ಮುದ್ರೆ ಒತ್ತುವವನು. ನಿವೃತ್ತನಾದ ಮೇಲೆ ಸರಿಯಿಲ್ಲ ಎನ್ನಲು ಹೆಂಡತಿ ಸರೋಜ ಮನೆಯಲ್ಲಿ ಆಸ್ಪದ ಕೊಡಲಿಲ್ಲ. ಆದ್ದರಿಂದ ಹಳೆಯ ಮಾದರಿಯ ರೈಫಲ್‌ಗಳ ಕ್ಲಬ್ಬೊಂದನ್ನು ಸೇರಿದೆ. ಬೆಳ್ಳುಳ್ಳಿಯನ್ನೂ ಮುಟ್ಟದ ಮೈಸೂರಿನವನಿಗೆ ಬಂದೂಕು ಯಾಕೆ ಎಂದು ಕೇಳದವರಿಲ್ಲ. ಬಂದೂಕಿನಿಂದ ನಾನು ಈವರೆಗೆ ಕೊಂದದ್ದು ಕಾಗದವನ್ನು ಮಾತ್ರ, ಅದೂ ಅಪರೂಪಕ್ಕೆ. ನನಗೆ ಬೇಕಾದದ್ದು ಕೆಲಸಗಾರಿಕೆ.

ನಮ್ಮ ಕ್ಲಬ್ಬಿನ ಪ್ರೀತಿಯ ರೈಫಲ್ ಒಂದೂವರೆ ಶತಮಾನದಷ್ಟು ಹಳೆಯ ಬಗೆಯದು. ಹಿಡಿಕೆಯ ಕೆಳಗೆ ಬಳೆಯಂಥ ಲಿವರ್ ಇರುತ್ತದೆ. ಕೆಳಕ್ಕೆ ತಳ್ಳಿ ಮೇಲಕ್ಕೆ ಎಳೆದರೆ ಹೊಸ ತೋಟಾ ಬಂದು ಕೂರುತ್ತದೆ. ಅಸಲಿಗಳು ಗಾಜಿನ ಕಪಾಟು ಸೇರಿವೆ. ನಮ್ಮಂಥವರಿಗೆ ಸಿಗುವುದು ಈಗಿನ ಕಾರ್ಖಾನೆಗಳ ಪ್ರತಿರೂಪಗಳು. ಅವುಗಳ ಕೆಲಸ ಎಷ್ಟು ಅಚ್ಚುಕಟ್ಟು ಎಂದು ವರ್ಷಕ್ಕೊಮ್ಮೆ ಪ್ರದರ್ಶನವಿಟ್ಟು ತೀರ್ಪು ಕೊಡುತ್ತೇವೆ. ತೀರ್ಪುಗಾರ — ಮತ್ಯಾರು?

ಹೊಳಪಿಗೆ ಮರುಳಾಗಬಾರದು ಎನ್ನುತ್ತಿದ್ದೆ. ಅವಸರದಲ್ಲಿ ಪಾಲಿಶ್ ಮಾಡಿದ ಉಕ್ಕಿನ ಅಂಚುಗಳು ತೇದ ಸೋಪಿನಂತೆ ದುಂಡಗಾಗಿರುತ್ತವೆ. ಮರಕ್ಕೆ ಜಾಮೂನಿನ ಪಾಕದಂಥ ವಾರ್ನಿಶ್ ಬಳಿದಿರುತ್ತಾರೆ. ನೋಡಬೇಕಾದದ್ದು ಮರವೂ ಉಕ್ಕೂ ಸೇರುವ ಗೆರೆ. ಅಲ್ಲಿ ಕೂದಲು ತೂರಬಾರದು. ಆಮೇಲೆ ತಿರುಪಿನ ತಲೆಗಳು. ಸೀಳಿಗೆ ತುಂಬಿ ಕೂರುವ ತುದಿಯಿದ್ದರೆ ಮಾತ್ರ ತಿರುಪನ್ನು ಮುಟ್ಟಬೇಕು, ಇಲ್ಲದಿದ್ದರೆ ಕೈ ಜೇಬಿನಲ್ಲಿರಬೇಕು — ಹೊಸ ಸದಸ್ಯರಿಗೆ ಇದು ನನ್ನ ಮೊದಲ ಪ್ರವಚನ. ಕೇಳಿ ಕೇಳಿ ಹಳಬರು ನಾನು ಬಾಯಿ ತೆರೆದ ಕೂಡಲೇ ಕೈಗಳನ್ನು ಜೇಬಿಗೆ ಸೇರಿಸುತ್ತಿದ್ದರು.

ಚೆಂಗಪ್ಪ ಕೊಡಗಿನವನು, ನನಗಿಂತ ಐದು ವರ್ಷ ಚಿಕ್ಕವನು. ನಾನು ಈ ದೇಶಕ್ಕೆ ಬಂದ ಹೊಸದರಲ್ಲಿ ಸಿಡ್ನಿಯ ಎಪ್ಪಿಂಗಿನಲ್ಲಿ ಪಕ್ಕದ ಮನೆಯಲ್ಲಿದ್ದ. ನಾನು ಮೆಲ್ಬರ್ನಿಗೆ ಬಂದೆ, ಅವನು ಸಿಡ್ನಿಯಲ್ಲೇ, ಕೆಲ್ಲಿವಿಲ್‌ನಲ್ಲಿ ಮನೆ ಕಟ್ಟಿಕೊಂಡ. ಅವರ ಕಡೆ ಕೋವಿಗೆ ಪೂಜೆ ಮಾಡುವ ಕೈಲ್‌ಪೊಳ್ದ್ ಹಬ್ಬವಿದೆ. ಅಲ್ಲಿ ಕೋವಿಗೆ ಮುಡಿಸುವ ಕಾಡುಹೂ ಇಲ್ಲಿ ಸಿಗದೆ, ಹಿತ್ತಲಿನ ಕೆಂಪು ಬಾಟಲ್‌ಬ್ರಶ್ ಹೂವನ್ನೇ ಮುಡಿಸುತ್ತಿದ್ದ. ಅವನ ಕೋವಿ ಸಾಧಾರಣ ಪ್ರತಿರೂಪ. ಅದರ ವಾರ್ನಿಶ್ ಕೆರೆದು, ಅಂಚುಗಳನ್ನು ಕಲ್ಲಿನಿಂದ ತೀಡಿ, ಹಿಡಿಕೆಗೆ ಹೊಸ ಮರ ಕೆತ್ತಿ ಕೂರಿಸಲು ಎರಡು ವರ್ಷ ತೆಗೆದುಕೊಂಡ. ಬೆಳಿಗ್ಗೆ ಒಂದು ಗಂಟೆ ಮಾತ್ರ ಕೆಲಸ. ಯಾಕೆಂದು ನನಗೊಬ್ಬನಿಗೇ ಹೇಳಿದ್ದ — ಬಲಗೈ ನಡುಗಲು ಶುರುವಾಗಿತ್ತು. ಬೆಳಗಿನ ಹೊತ್ತು ಕೈ ಹೇಳಿದ ಮಾತು ಕೇಳುತ್ತಿತ್ತು. ಹೆಂಡತಿ ಮುತ್ತಮ್ಮನಿಗೂ ಅವನು ಹೇಳಿರಲಿಲ್ಲ.

ಪ್ರದರ್ಶನದ ಹಿಂದಿನ ದಿನ ಸಂಜೆ ಕೋವಿಯೊಂದಿಗೆ ಸಿಡ್ನಿಯಿಂದ ಕಾರು ಓಡಿಸಿಕೊಂಡು ನಮ್ಮ ಮನೆಗೆ ಬಂದ. ನಾನು ಭೂತಗನ್ನಡಿ ಹಿಡಿದು ಅರ್ಧ ಗಂಟೆ ನೋಡಿದೆ. ಹಿಡಿಕೆಯ ಮೇಲ್ಭಾಗದಲ್ಲಿ ಉಕ್ಕಿನ ಸಣ್ಣ ಪಟ್ಟಿಯೊಂದು ಮರದೊಳಗೆ ಹುದುಗಿರುತ್ತದೆ. ಕಾರ್ಖಾನೆಯವರು ಸೋಲುವುದು ಅಲ್ಲೇ. ಚೆಂಗಪ್ಪ ಮಾಡಿದ ಆ ಜೋಡಣೆಯಲ್ಲಿ ಮರ ಎಲ್ಲಿ ಮುಗಿಯಿತು, ಉಕ್ಕು ಎಲ್ಲಿ ಶುರುವಾಯಿತು ಎಂದು ಬೆರಳಿಗೆ ತಿಳಿಯುತ್ತಿರಲಿಲ್ಲ. ಒಂದೂ ತಪ್ಪು ಸಿಗಲಿಲ್ಲ. ಇದು ನನಗೆ ಸಂತೋಷ ಕೊಡಬೇಕಿತ್ತು. ಕೊಡಲಿಲ್ಲ. ತಪ್ಪು ಹುಡುಕಿ ಅನ್ನ ತಿಂದವನಿಗೆ, ಅದೂ ನಡುಗುವ ಕೈ ಮಾಡಿದ ಕೆಲಸದಲ್ಲಿ — ಹೇಗೆ ಹೇಳಲಿ, ಮೈಯೆಲ್ಲ ಕಡಿಯುವ ಹಾಗಾಯಿತು.

ಮರುದಿನ ಕ್ಲಬ್ಬಿನ ಹಾಲಿನಲ್ಲಿ ಕೋವಿಯನ್ನು ನನ್ನ ಮುಂದಿಟ್ಟು ಅವನು ಕಾಫಿ ತರಲು ಹೋದ. ನಾನೊಬ್ಬನೇ. ಹೊರಗೆ ಸಿಗದ ತಪ್ಪು ಒಳಗಾದರೂ ಇದ್ದೀತು ಎನಿಸಿತು. ಆ ಪಟ್ಟಿಯ ತಿರುಪು ಬಿಚ್ಚಿದರೆ ಹಿಡಿಕೆ ಕಳಚಿ ಬರುತ್ತದೆ, ಒಳಗಿನ ಕೆತ್ತನೆ ಕಾಣುತ್ತದೆ. ತೀರ್ಪುಗಾರ ಏನನ್ನೂ ಬಿಚ್ಚಕೂಡದು ಎಂಬ ನಿಯಮವಿದೆ. ಬರೆದವನು ನಾನೇ. ಬೆಳಿಗ್ಗೆ ಸರೋಜಳ ಕುಕ್ಕರಿನ ಹಿಡಿ ಬಿಗಿ ಮಾಡಿದ ಸ್ಕ್ರೂಡ್ರೈವರ್ ಜೇಬಿನಲ್ಲೇ ಉಳಿದಿತ್ತು. ಬಣ್ಣದ ಡಬ್ಬಿ ಮೀಟಿ ಮೀಟಿ ಅದರ ತುದಿಯ ನಡುವೆ ಒಂದು ಕಚ್ಚು ಬಿದ್ದಿತ್ತು.

ತಿರುಪು ಮಿಸುಕಲಿಲ್ಲ. ಸ್ಕ್ರೂಡ್ರೈವರ್ ಜಾರಿತು. ದೊಡ್ಡ ಸದ್ದೇನೂ ಆಗಲಿಲ್ಲ. ಉಕ್ಕಿನ ಕಪ್ಪು ಹರಿದು, ಗೆರೆ ದಾಟಿ, ಮರದೊಳಕ್ಕೆ ಇಳಿದ ಗೀರು. ಹತ್ತಿರದಿಂದ ನೋಡಿದರೆ ಒಂದಲ್ಲ, ಕಚ್ಚಿನಿಂದಾಗಿ ಎರಡು ಗೆರೆ, ಅಕ್ಕಪಕ್ಕ.

ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿದೆ. ಕೈಯನ್ನೂ.

ನನ್ನ ಜೊತೆಯ ತೀರ್ಪುಗಾರ ಗ್ರಹಾಂ ಬಂದು, ಗೀರಿನ ಮೇಲೆ ಬೆರಳಿಟ್ಟು, ಅಯ್ಯೋ ಪಾಪ ಎಂಬಂಥ ಶಬ್ದ ಮಾಡಿದ. ಅಷ್ಟರಲ್ಲಿ ಚೆಂಗಪ್ಪ ಕಾಫಿಯೊಂದಿಗೆ ಬಂದ. ಗೀರನ್ನು ನೋಡಿದ. ಆಮೇಲೆ ತನ್ನ ಬಲಗೈಯನ್ನು ನೋಡಿಕೊಂಡ. ಗ್ರಹಾಂಗೆ ತಿಳಿಯದಿರಲಿ ಎಂದು ಕನ್ನಡದಲ್ಲಿ, ಮೆಲ್ಲಗೆ ಕೇಳಿದ.

"ಶಾಮಣ್ಣ, ಇದು ನಿನ್ನೆ ಇತ್ತಾ?"

ಆ ಪ್ರಶ್ನೆಗೂ ನನ್ನ ಉತ್ತರಕ್ಕೂ ನಡುವೆ ಸಮಯವಿತ್ತು. ಬೇಕಾದಷ್ಟಿತ್ತು. ಇರಲಿಲ್ಲ ಎಂದು ನಾನು ಹೇಳಲಾರೆ.

"ಇತ್ತು," ಎಂದೆ. "ನಾನು ನೋಡಿದ್ದೆ ಕಣಪ್ಪ. ಬೇಜಾರು ಮಾಡ್ಕೋತೀಯ ಅಂತ ಹೇಳ್ಲಿಲ್ಲ."

ಸುಳ್ಳೊಂದೇ ಆಗಿದ್ದರೂ ಆಗುತ್ತಿತ್ತು. ಅದಕ್ಕೆ ಕರುಣೆಯ ವಾರ್ನಿಶ್ ಬೇರೆ ಬಳಿದೆ. ಅವನು ತಲೆಯಾಡಿಸಿದ. ನನಗೆ ಥ್ಯಾಂಕ್ಸ್ ಹೇಳಿದ. ತೀರ್ಪಿನ ಹಾಳೆಯಲ್ಲಿ ನಾನು ಇಂಗ್ಲಿಷಿನಲ್ಲಿ ಬರೆದೆ: ಕೆಲಸ ಉತ್ತಮ, ಕೊನೆಯ ಹಂತದಲ್ಲಿ ಕೈ ಜಾರಿದೆ. ಯಾರ ಕೈ ಎಂದು ಬರೆಯಲು ಹಾಳೆಯಲ್ಲಿ ಜಾಗವಿತ್ತು.

ಎರಡನೆಯ ಅವಕಾಶವೂ ಬಂತು. ಒಂದು ವಾರದ ಮೇಲೆ ಅವನೇ ಫೋನ್ ಮಾಡಿದ. ಗೀರನ್ನು ಭೂತಗನ್ನಡಿಯಲ್ಲಿ ನೋಡಿದನಂತೆ, ಅದು ಜೋಡಿ ಗೆರೆಯಂತೆ. ಗ್ಯಾರೇಜಿನಲ್ಲಿದ್ದ ತನ್ನ ಉಪಕರಣಗಳನ್ನೆಲ್ಲ ಮೇಜಿನ ಮೇಲೆ ಹರವಿಕೊಂಡು ಹುಡುಕಿದರೂ ಅಂಥ ತುದಿ ಒಂದರಲ್ಲೂ ಇಲ್ಲವಂತೆ. ಸಿಕ್ಕಿಬಿದ್ದೆ ಎಂದುಕೊಂಡೆ — ಒಂದು ಕ್ಷಣ, ನಿಜವಾಗಿ, ಹಗುರವೂ ಆಯಿತು.

"ನಾನು ಯಾವುದ್ರಿಂದ ಗೀರಿದ್ದು ಅಂತಾನೂ ನೆನಪಿಲ್ಲ ಶಾಮಣ್ಣ," ಎಂದ. "ಕೈ ಹೋಯ್ತು ಅಂತ ಇದ್ದೆ. ತಲೆನೂ ಹೋಗ್ತಾ ಇದ್ಯಾ?"

ಸಾಕ್ಷಿ ಅವನ ಕೈಯಲ್ಲೇ ಇತ್ತು. ನನ್ನ ಮಾತನ್ನು ಅನುಮಾನಿಸುವುದು ತೋಚದೆ ಅವನು ಅದನ್ನು ತನ್ನ ವಿರುದ್ಧವೇ ಹಿಡಿದ. ನಾನು ಏನೆಂದೆ ಗೊತ್ತೆ? ವಯಸ್ಸಾಯಿತಲ್ಲಪ್ಪ, ಎಲ್ಲರಿಗೂ ಆಗುತ್ತೆ, ಎಂದೆ.

ಆಮೇಲಿನದನ್ನು ಮುತ್ತಮ್ಮ ಹೇಳಿದ್ದು. ಅವನು ಉಳಿಗಳನ್ನೆಲ್ಲ ಯಾರಿಗೋ ಕೊಟ್ಟ. ಕಾರಿನ ಕೀಲಿಯನ್ನು ಅವಳ ಕೈಗಿತ್ತ. ಕಾಫಿ ಲೋಟವನ್ನು ಎರಡು ಕೈಯಲ್ಲಿ ಹಿಡಿಯತೊಡಗಿದ. ಡಾಕ್ಟರು ಪರೀಕ್ಷೆ ಮಾಡಿ, ಇದು ಭಯಪಡಬೇಕಾದ ನಡುಕವಲ್ಲ, ನೆನಪಿಗೆ ಏನೂ ಆಗಿಲ್ಲ, ಮರಗೆಲಸ ಬಿಡಬೇಡಿ ಎಂದರಂತೆ. ಅವನು ನಂಬಲಿಲ್ಲ.

"ಡಾಕ್ಟರ್ ಸಮಾಧಾನಕ್ಕೆ ಹೇಳ್ತಾರೆ, ಶಾಮಣ್ಣ ಕಣ್ಣಾರೆ ನೋಡಿದ್ದಾರೆ ಅಂತಾರೆ," ಎಂದಳು ಮುತ್ತಮ್ಮ. "ನೀವಾದ್ರೂ ಒಂದು ಮಾತು ಹೇಳಿ ಅಣ್ಣ."

ಹೇಳುತ್ತೇನೆ ಎಂದೆ. ಹೇಳಲಿಲ್ಲ.

ಆ ವರ್ಷದ ಕೈಲ್‌ಪೊಳ್ದ್‌ಗೆ ಮೊದಲೇ ಅವನು ಕೋವಿಯ ಲೈಸೆನ್ಸ್ ಬಿಟ್ಟುಕೊಟ್ಟ. ಕಾಗದಪತ್ರ ಮುಗಿಸಿ ಕೋವಿಯನ್ನು ನನ್ನ ಹೆಸರಿಗೆ ಮಾಡಿ ಕಳಿಸಿದ. ಜೊತೆಗೆ ಒಂದು ಚೀಟಿ: "ಗೀರು ತೆಗೀಬೇಡಿ ಶಾಮಣ್ಣ. ನಾನು ನಿಲ್ಲಿಸಬೇಕಾದ ಜಾಗ ಅದು."

ನನ್ನ ಕಬ್ಬಿಣದ ಕಪಾಟಿನಲ್ಲಿ ಅದು ಈಗಲೂ ಇದೆ. ಆಯುಧಪೂಜೆಯ ದಿನ ಸರೋಜ ಅದಕ್ಕೆ ಕುಂಕುಮವಿಡುತ್ತಾಳೆ, ಸರಿಯಾಗಿ ಗೀರಿನ ಪಕ್ಕದಲ್ಲಿ. ಈ ವರ್ಷ ಕುಕ್ಕರಿನ ಹಿಡಿ ಮತ್ತೆ ಸಡಿಲವಾಗಿ, ಅವಳು ಅದೇ ಸ್ಕ್ರೂಡ್ರೈವರನ್ನು ಹುಡುಕಿ ತಂದಳು. ತುದಿ ನೋಡಿ, ಇದು ಕಚ್ಚು ಬಿದ್ದಿದೆ, ಬಿಸಾಡಿ, ಎಂದಳು. ನಾನು ಬೇಡ ಎಂದೆ. ಯಾಕೆ ಎಂದಳು. ಮೂರು ವರ್ಷದಲ್ಲಿ ಈ ವಿಷಯವಾಗಿ ನನ್ನನ್ನು ಯಾರಾದರೂ ಯಾಕೆ ಎಂದು ಕೇಳಿದ್ದು ಅದೇ ಮೊದಲು. ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳು ಬೈಯಲಿಲ್ಲ. ಕುಕ್ಕರನ್ನು ಬದಿಗಿಟ್ಟು, ಸಿಡ್ನಿಗೆ ಯಾವಾಗ ಹೋಗುತ್ತೀರಿ ಎಂದಷ್ಟೇ ಕೇಳಿದಳು.

ಬೆಂಗಳೂರಿನ ಕಾರ್ಖಾನೆಯಲ್ಲಿ ಒಂದು ಪದ್ಧತಿಯಿತ್ತು. ಇನ್‌ಸ್ಪೆಕ್ಟರ್ ಒಳ್ಳೆಯ ಭಾಗವನ್ನು ತಪ್ಪಾಗಿ ತಿರಸ್ಕರಿಸಿದ್ದರೆ, ಅದೇ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ತಪ್ಪು ತನ್ನದೆಂದು ಬರೆದು, ಆ ಭಾಗ ಮಾಡಿದವನ ಮುಂದೆ ನಿಂತೇ ಸಹಿ ಹಾಕಬೇಕು. ತೀರ್ಪಿನ ಹಾಳೆಯನ್ನು ಕ್ಲಬ್ಬಿನಿಂದ ಕೇಳಿ ತಂದಿದ್ದೇನೆ. ಗ್ರಹಾಂಗೂ ಕಾರಣ ಹೇಳಿದ್ದೇನೆ, ತೀರ್ಪುಗಾರನ ಕುರ್ಚಿಯನ್ನೂ ಬಿಟ್ಟಿದ್ದೇನೆ. ಕೆಂಪು ಪೆನ್ನಿನಲ್ಲಿ ಬರೆದದ್ದಾಗಿದೆ. ಸಹಿ ಹಾಕಿಲ್ಲ. ಅದು ಕೆಲ್ಲಿವಿಲ್‌ನಲ್ಲಿ ಆಗಬೇಕು.

ವಿಮಾನದಲ್ಲಿ ಸ್ಕ್ರೂಡ್ರೈವರ್ ಕಿತ್ತುಕೊಂಡಾರು ಎಂದು ಹಗಲಿಡೀ ಓಡುವ ರೈಲಿಗೆ ಬುಕ್ ಮಾಡಿದ್ದೇನೆ. ಅದನ್ನು ಅವನ ಮುಂದಿಟ್ಟರೆ ಸಾಕು, ತುದಿ ನೋಡಿದ ಕೂಡಲೇ ಅವನಿಗೆ ಅರ್ಥವಾಗುತ್ತದೆ. ಆದರೂ ಬಾಯಿಬಿಟ್ಟು ಹೇಳುತ್ತೇನೆ. ಉಪಕರಣದ ಹಿಂದೆ ಅಡಗಿಕೊಂಡದ್ದು ಸಾಕು. ಕ್ಷಮಿಸು ಎಂದು ಕೇಳುವುದಿಲ್ಲ. ಮೂರು ವರ್ಷದ ಬೆಳಗುಗಳು ಹೋದವು, ದಿನಕ್ಕೊಂದು ಗಂಟೆಯಂತೆ — ಅವನ್ನು ನಾನು ಎಲ್ಲಿಂದ ತಂದು...

ನಿನ್ನೆ ಫೋನ್ ಮಾಡಿ, ಬರುತ್ತಿದ್ದೇನೆ, ಒಂದು ಸಾಮಾನು ತೋರಿಸುವುದಿದೆ ಎಂದೆ. ಅವನ ದನಿ ಮೊದಲು ಅರಳಿತು. ಆಮೇಲೆ ತಗ್ಗಿತು.

"ಬನ್ನಿ ಶಾಮಣ್ಣ," ಎಂದ. "ಆದ್ರೆ ರಿಪೇರಿಗೆ ಏನೂ ತರ್ಬೇಡಿ. ನನ್ನ ಕೈ ವಿಷ್ಯ ನಿಮ್ಗೇ ಗೊತ್ತಲ್ಲ."