ಟೈರು ಸವೆದಿರಲಿಲ್ಲ

ಕಳೆದ ವರ್ಷ ಗಣಪತಿ ಹಬ್ಬಕ್ಕೆ ಒಂದು ವಾರ ಮೊದಲು ಜೇವರ್ಗಿಯಿಂದ ಯಡ್ರಾಮಿಯ ಕಡೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆ. ಮಳೆ ಆಗಷ್ಟೇ ನಿಂತಿತ್ತು. ಒಂದು ಊರು ದಾಟುವಾಗ ಬಸ್ಸಿನ ಸದ್ದು ಒಮ್ಮೆಲೇ ಮೆತ್ತಗಾಯಿತು. ನೋಡಿದರೆ ಗಾಲಿಯ ಕೆಳಗೆ ಯಾರೋ ಹರವಿದ ಹೆಸರುಕಾಳಿನ ಬೆಳೆ. ಕಿಟಕಿಯಿಂದ ಆ ವಾಸನೆ ಬಂತು... ಹಸಿ ಹೊಟ್ಟು ನೆನೆದು, ಜಜ್ಜಿಹೋಗಿ, ಹುಳಿತು ಬರುವ ವಾಸನೆ. ನಾನು ಗಾಜು ಎಳೆದುಕೊಂಡೆ. ಪಕ್ಕದ ಹೆಣ್ಣುಮಗಳು ಸೆಕೆಯಾಗುತ್ತದೆ ಎಂದು ಗೊಣಗಿದಳು. ಗೊಣಗಲಿ ಎಂದು ಸುಮ್ಮನೆ ಕೂತೆ. ಆ ವಾಸನೆ ನನಗೆ ಎಷ್ಟೋ ವರ್ಷಗಳಿಂದ ಆಗುವುದಿಲ್ಲ.

ಆ ವಾಸನೆಯ ಹಿಂದೆಯೇ ನೆನಪಾಗುವವರು ನಮ್ಮೂರಿನ ಲೈನ್‌ಮನ್. ಎಂಬತ್ತರ ದಶಕದ ನಡುವಿನ ಮಾತು. ನಾನು ಆ ಊರಿಗೆ ಸೊಸೆಯಾಗಿ ಬಂದು ಮೂರು ವರ್ಷವಾಗಿತ್ತು. ಅವರು ನಮ್ಮ ಮನೆಯ ಗೋಡೆಗೆ ಹತ್ತಿದ ಎರಡು ಖೋಲಿಗಳಲ್ಲಿ ಬಾಡಿಗೆಗಿದ್ದರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ವೈನಿ. ಸುತ್ತಲಿನ ಏಳೆಂಟು ಊರುಗಳ ಕರೆಂಟಿನ ಕಂಬಗಳೆಲ್ಲ ಅಣ್ಣನ ಪಾಲಿಗೆ ಬಿದ್ದಿದ್ದವು. ಎಲ್ಲಿ ತಂತಿ ಹರಿದರೂ ಸೈಕಲ್ ಮೇಲೆಯೇ ಹೋಗಬೇಕು.

ಆ ಸೈಕಲ್ಲಿನ ಟೈರುಗಳ ಬಗ್ಗೆ ಅವರಿಗಿದ್ದ ಹುಚ್ಚನ್ನು ನೋಡಿ ಊರೇ ನಗುತ್ತಿತ್ತು. ಪ್ರತಿ ಸೋಮವಾರ ಬೆಳಿಗ್ಗೆ ಅಂಗಳದಲ್ಲಿ ಸೈಕಲ್ಲನ್ನು ಬೋರಲು ನಿಲ್ಲಿಸಿ, ಗಾಲಿ ತಿರುಗಿಸುತ್ತ, ಟೈರಿನ ಗೀರುಗಳಲ್ಲಿ ಸಿಕ್ಕ ಮುಳ್ಳು, ಹರಳುಗಳನ್ನು ಸೂಜಿಯಿಂದ ತೆಗೆಯುತ್ತಿದ್ದರು. ಗೀರಿನಲ್ಲಿ ಉಗುರು ಇಳಿಸಿ ಆಳ ನೋಡುತ್ತಿದ್ದರು. “ನನ್ನ ಕಾಲಾಗ ಮುಳ್ಳ ಮುರದ್ರ ನೋಡಂಗಿಲ್ಲ, ಟೈರಿನಾಗಿಂದು ಕನ್ನಡಕ ಹಾಕ್ಕೊಂಡು ತೆಗಿತಾರ” ಎಂದು ವೈನಿ ನನ್ನ ಮುಂದೆ ಅಣಕಿಸುತ್ತಿದ್ದರು. ಮಳೆಗಾಲ ಬಂತೆಂದರೆ ಅಣ್ಣನ ಶಾಸ್ತ್ರ ಇನ್ನೂ ಹೆಚ್ಚು. ಎರಡೂ ಗಾಲಿಗಳಿಂದ ಸ್ವಲ್ಪ ಗಾಳಿ ಬಿಡುತ್ತಿದ್ದರು. ಯಾಕೆಂದು ಒಮ್ಮೆ ಕೇಳಿದ್ದೆ.

“ಮಳ್ಯಾಗ ಗಾಳಿ ಜರಾ ಕಮ್ಮಿ ಇರಬೇಕು ತಂಗಿ. ಟೈರು ನೆಲಾ ಹಿಡ್ಕೊಂಡು ಹೋಗಬೇಕು.”

ಮಳೆ ಶುರುವಾದ ಕೂಡಲೇ ಅವರು ಸೈಕಲ್ ಇಳಿದುಬಿಡುತ್ತಿದ್ದರು. ಮೊದಲ ಹನಿಗಳಿಗೆ ರಸ್ತೆಯ ಮೇಲಿನ ಎಣ್ಣೆ, ಎರೆಮಣ್ಣಿನ ಧೂಳು ಎಲ್ಲ ಕೂಡಿ ಲೋಳೆಯಾಗುತ್ತದೆ, ಅದು ತೊಳೆದುಹೋಗುವ ತನಕ ಗಿಡದ ಕೆಳಗೆ ನಿಲ್ಲಬೇಕು ಎನ್ನುವುದು ಅವರ ಲೆಕ್ಕ. ಕಂಬ ಏರುವಾಗಲೂ ಹಾಗೆಯೇ. ಕರೆಂಟು ನಿಲ್ಲಿಸಲು ಫ್ಯೂಸು ತೆಗೆದದ್ದನ್ನು ಎರಡು ಸಲ ನೋಡದೆ ತಂತಿಗೆ ಕೈ ಹಚ್ಚಿದವರಲ್ಲ. ತನ್ನ ಕಣ್ಣಿನ ಮೇಲೆ ಭರವಸೆ ಇದ್ದವನೇ ಈ ಕೆಲಸಕ್ಕೆ ಬರಬೇಕು ಎಂದು ಹೇಳುತ್ತಿದ್ದರು. ಅವರಿಗೆ ಆ ಭರವಸೆ ತುಂಬಾ ಇತ್ತು. ಸ್ವಲ್ಪ ಜಂಬ ಎನ್ನುವಷ್ಟೇ ಇತ್ತು.

ಇನ್ನು ನಮ್ಮ ರಸ್ತೆಯ ಮಾತು ಹೇಳಬೇಕು. ಹೆಸರು ಕೀಳುವ ಹೊತ್ತಿಗೆ ನಮ್ಮ ಕಡೆ ಹೊಲವೆಲ್ಲ ಕೆಸರು, ಕಣ ಮಾಡಲಾಗುವುದಿಲ್ಲ. ಗಟ್ಟಿ ನೆಲವೆಂದರೆ ಡಾಂಬರು ರಸ್ತೆಯೊಂದೇ. ಗಿಡ ಕಿತ್ತು ತಂದು ಅದರ ಮೇಲೆ ಹರವಿದರೆ ಬಸ್ಸು, ಲಾರಿಗಳೇ ತುಳಿದು ಕಾಳು ಬಿಡಿಸಿಕೊಡುತ್ತವೆ. ಕೂಲಿಯವರು ಬೇಡ, ಎತ್ತು ಬೇಡ. ಸರ್ಕಾರ ನಮಗಾಗಿಯೇ ಕಣ ಹಾಕಿಸಿದೆ ಎನ್ನುವಷ್ಟು ಧೈರ್ಯ ಎಲ್ಲರಿಗೂ. ಒಂದೊಂದು ಮನೆಯವರದು ಒಂದೊಂದು ಜಾಗ. ಗುರುತಿಗೆ ಸುತ್ತ ತಲೆಗಾತ್ರದ ಕಲ್ಲು ಇಡುತ್ತಿದ್ದೆವು. ಕಲ್ಲು ಕಂಡರೆ ಬಸ್ಸಿನವರು ನಿಧಾನ ಮಾಡುತ್ತಿದ್ದರು, ಸೈಕಲ್ಲಿನವರು ಇಳಿದು ತಳ್ಳಿಕೊಂಡು ಹೋಗುತ್ತಿದ್ದರು. ನಮ್ಮ ಮನೆಯ ಜಾಗ ಊರಾಚೆಯ ಹಳ್ಳದ ಸೇತುವೆ ಇಳಿದ ಕೂಡಲೇ ಬರುವ ತಿರುವಿನಲ್ಲಿತ್ತು.

ಆ ದಿನ ಮಧ್ಯಾಹ್ನ ಅತ್ತೆ ಮತ್ತು ನಾನು ಇಬ್ಬರೇ ಅಲ್ಲಿದ್ದೆವು. ಕಾಳು ಮುಕ್ಕಾಲು ಪಾಲು ಬಿಟ್ಟಿತ್ತು. ಕೊಳಕೂರಿನ ದಿಕ್ಕಿನಿಂದ ಮೋಡ ಕಟ್ಟಿಕೊಂಡು ಬಂತು. ಬಿದ್ದೆವೋ ಎದ್ದೆವೋ ಎಂದು ಕಾಳು ಗುಡಿಸಿ ಚೀಲಕ್ಕೆ ತುಂಬಿ ತಾಡಪತ್ರಿ ಹೊದಿಸುವಷ್ಟರಲ್ಲಿ ಹನಿ ಶುರುವಾಗಿತ್ತು. ಬೆಳಿಗ್ಗೆ ಬಸ್ಸಿನ ಡ್ರೈವರ್ ಕಲ್ಲಿನ ಸಲುವಾಗಿ ನಮಗೆ ವಾಚಾಮಗೋಚರ ಬೈದು ಹೋಗಿದ್ದ. ಆ ಸಿಟ್ಟಿನಲ್ಲಿ ನಾನು ಕಲ್ಲುಗಳನ್ನೆಲ್ಲ ರಸ್ತೆಯ ಪಕ್ಕಕ್ಕೆ ಉರುಳಿಸಿಬಿಟ್ಟೆ. ರಸ್ತೆಯ ಮೇಲೆ ಉಳಿದದ್ದು ತುಳಿದು ಚಪ್ಪಟೆಯಾದ ಹೊಟ್ಟು ಮಾತ್ರ.

“ಹೊಟ್ಟು ಸರಸು ಬೇ” ಎಂದರು ಅತ್ತೆ.

“ನಾಳಿ ತೆಗಿತೇನಿ ತಗೋರಿ” ಎಂದೆ ನಾನು. ಸೊಂಟ ಹಿಡಿದಿತ್ತು, ಮೈಯೆಲ್ಲ ತುರಿಕೆ. ಅಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣವಿದ್ದಿದ್ದರೆ ಎಂದು ಎಷ್ಟೋ ಸಲ ಹುಡುಕಿದ್ದೇನೆ, ಸಿಕ್ಕಿಲ್ಲ.

ಸೇತುವೆಯ ಆಚೆ ಹುಣಸೆ ಗಿಡದ ಕೆಳಗೆ ಅಣ್ಣ ಸೈಕಲ್ ಹಿಡಿದು ನಿಂತದ್ದು ಕಾಣುತ್ತಿತ್ತು. ಮಳೆ ರಸ್ತೆ ತೊಳೆಯಲಿ ಎಂದು ಕಾಯುತ್ತಿದ್ದರು. ನಮ್ಮನ್ನು ನೋಡಿ ಕೈ ಎತ್ತಿದರು. ಸೇತುವೆಯ ಉಬ್ಬು ಅಡ್ಡವಿದ್ದುದರಿಂದ ಈಚೆಯ ರಸ್ತೆ ಅವರಿಗೆ ಕಾಣುವಂತಿರಲಿಲ್ಲ. ಅರ್ಧ ತಾಸು ನಿಂತರು, ಈಚೆ ನಾವೂ ತಾಡಪತ್ರಿಯ ಮರೆಯಲ್ಲಿ ಕೂತಿದ್ದೆವು. ಆಮೇಲೆ ಬಂದರು. ಉಬ್ಬು ಏರಿ ಇಳಿಯುವಾಗ ಗಂಟೆ ಬಾರಿಸಿದರು. ಹೊಟ್ಟು ನೆನೆದು ಡಾಂಬರಿನಂತೆಯೇ ಕಪ್ಪಾಗಿತ್ತು. ಕಲ್ಲು ಇರಲಿಲ್ಲ. ಇಳಿದು ತಳ್ಳಬೇಕೆಂದು ಹೇಳುವ ಗುರುತು ಅಲ್ಲಿ ಒಂದೂ ಇರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಗಾಲಿ ಪಕ್ಕಕ್ಕೆ ಹೋಯಿತು, ಸೈಕಲ್ ಒಂದು ಕಡೆ, ಅವರು ಒಂದು ಕಡೆ... ತಲೆ ಸೇತುವೆಯ ಕಟ್ಟೆಗೆ ಬಡಿದ ಸದ್ದು ಮಳೆಯಲ್ಲೂ ಕೇಳಿಸಿತು.

ಯಾರದೋ ಟ್ರ್ಯಾಕ್ಟರಿನಲ್ಲಿ ಅವರನ್ನು ಜೇವರ್ಗಿಗೆ ಒಯ್ದರು, ಅಲ್ಲಿಂದ ಗುಲ್ಬರ್ಗಕ್ಕೆ. ಟ್ರ್ಯಾಕ್ಟರು ಕಣ್ಮರೆಯಾದ ಮೇಲೆ ಅತ್ತೆ ನನ್ನನ್ನು ಬೈಯಲಿಲ್ಲ. ಒಂದು ಬುಟ್ಟಿ ನನ್ನ ಕಡೆ ನೂಕಿದರು. ಇಬ್ಬರೂ ಮಳೆಯಲ್ಲಿ ನೆನೆಯುತ್ತ ಹೊಟ್ಟನ್ನೆಲ್ಲ ಬಾಚಿ ಹಳ್ಳಕ್ಕೆ ಚೆಲ್ಲಿದೆವು. ಬೆಳಗಾಗುವಷ್ಟರಲ್ಲಿ ರಸ್ತೆ ತೊಳೆದಿಟ್ಟ ಹಾಗಿತ್ತು. ಕರೆಂಟಿನ ಆಫೀಸಿನ ಸಾಹೇಬರು ಬಂದು ರಸ್ತೆಯ ಮೇಲೆ ಏನಿತ್ತು ಎಂದು ಕೇಳಿದಾಗ ನಮ್ಮ ಮಾವ “ಏನೂ ಇರ್ಲಿಲ್ರಿ” ಎಂದರು. ಊರವರೆಲ್ಲ ಅದನ್ನೇ ಹೇಳಿದರು. ಎಲ್ಲರ ಬೆಳೆಯೂ ಇನ್ನೂ ರಸ್ತೆಗೆ ಬರುವುದಿತ್ತಲ್ಲ.

ಅಣ್ಣನ ತಲೆಯ ಗಾಯ ಬೇಗ ಮಾಯಿತು, ಆದರೆ ತೊಡೆಯ ಎಲುಬು ಮುರಿದಿತ್ತು. ಎರಡು ತಿಂಗಳು ದವಾಖಾನೆಯ ಮಂಚದ ಮೇಲೆ, ಕಾಲಿಗೆ ಭಾರ ಕಟ್ಟಿ ಇಳಿಬಿಟ್ಟಿದ್ದರು. ಬಸುರಿ ವೈನಿ ಹೆರಿಗೆಗೆಂದು ಮೊದಲೇ ತವರಿಗೆ ಹೋಗಿದ್ದರು. ಒಂದು ದಿನ ನಾನು ನನ್ನ ಗಂಡನ ಜೊತೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ನೋಡಲು ಹೋದೆ. ಗಂಡ ಚಹಾ ತರಲು ಹೊರಗೆ ಹೋದಾಗ ಅಣ್ಣ ಕೇಳಿದರು.

“ತಂಗಿ, ನೀ ಅಲ್ಲೇ ಇದ್ದಿ. ಖರೆ ಹೇಳು, ರೋಡ್ ಮ್ಯಾಲ ಏನರೆ ಇತ್ತೇನು? ಸೇತುವಿ ಏರಿದ್ದು ನೆನಪದ. ಮುಂದಿಂದು ಪೂರಾ ಹೋಗ್ಯದ.”

“ಏನೂ ಇರ್ಲಿಲ್ಲಣ್ಣಾ.”

ಅವರು ಮೊಳಕೈ ಊರಿ ಸ್ವಲ್ಪ ಮೇಲೆದ್ದರು. “ಹಂಗಾದ್ರ ಟೈರು ಸವದಿತ್ತೇನು?”

ಗೊತ್ತಿಲ್ಲ ಎಂದಿದ್ದರೆ ಸಾಕಿತ್ತು. ಸೈಕಲ್ ನಮ್ಮ ದನದ ಕೊಟ್ಟಿಗೆಯಲ್ಲೇ ಇತ್ತು. ಆ ಬೆಳಿಗ್ಗೆಯೇ ನಾನು ಎರಡೂ ಟೈರುಗಳನ್ನು ಮುಟ್ಟಿ ನೋಡಿದ್ದೆ. ಗೀರಿನಲ್ಲಿ ನನ್ನ ಉಗುರು ಪೂರ್ತಿ ಇಳಿದಿತ್ತು. ಆದರೂ ಹೇಳಿದ ಸುಳ್ಳು ಗಟ್ಟಿ ನಿಲ್ಲಬೇಕಲ್ಲ... “ಹೌದಣ್ಣಾ, ಮುಂದಿಂದು ಸವದಿತ್ತು. ನಾ ನೋಡೇನಿ” ಎಂದುಬಿಟ್ಟೆ.

“ಸೋಮವಾರ ನೋಡೇನಲ್ಲ ನಾ...” ಎಂದರು. ಬೆರಳಲ್ಲಿ ವಾರ ಎಣಿಸಿ, “ನೋಡೇನೋ ಇಲ್ಲೋ” ಎಂದರು. ಅವರ ಬಾಯಿಂದ ಅಂಥ ಮಾತು ನಾನು ಅದುವರೆಗೆ ಕೇಳಿರಲಿಲ್ಲ.

ಅವರು ಊರಿಗೆ ಮರಳುವಷ್ಟರಲ್ಲಿ ವೈನಿಯ ತಮ್ಮ ಬಂದು, ಅಪಶಕುನದ ಗಾಡಿ ಎಂದು ಸೈಕಲ್ಲನ್ನು ಗುಜರಿಗೆ ಹಾಕಿದ್ದ. ಮುಟ್ಟಿ ನೋಡಲು ಟೈರೂ ಉಳಿಯಲಿಲ್ಲ. ಕಾಲು ಮಾತ್ರ ನಿಧಾನವಾಗಿ ಕೂಡಿಬಂತು. ಕೂಸನ್ನೆತ್ತಿಕೊಂಡು ತವರಿನಿಂದ ಮರಳಿದ ವೈನಿ ಎಣ್ಣೆ ತಿಕ್ಕಿ ತಿಕ್ಕಿ ಮಡಚಲು ಕಲಿಸಿದರು. ಮೊದಲು ಗೋಡೆ ಹಿಡಿದು, ಆಮೇಲೆ ಬಡಿಗೆ ಹಿಡಿದು, ಆಮೇಲೆ ಬರಿಗೈಯಲ್ಲಿ ಸೇತುವೆಯ ತನಕ ನಡೆದು ಬರುತ್ತಿದ್ದರು. ಒಂದು ಕಾಲು ಬೆರಳಗಲ ಗಿಡ್ಡವಾಗಿತ್ತು. ಯುಗಾದಿಯ ಹೊತ್ತಿಗೆ ಕಟ್ಟೆ ಏರಿ ಇಳಿಯುವಂತಾದರು. ಎಲ್ಲ ಸರಿಹೋಯಿತು ಎಂದು ನಾನು ಒಳಗೊಳಗೇ ಕೈ ಮುಗಿದೆ. ಇನ್ನು ಆ ಸುಳ್ಳಿನಿಂದ ಯಾರಿಗೂ ಏನೂ ಆಗಬೇಕಿಲ್ಲ ಎಂದುಕೊಂಡೆ.

ಅವರು ಮತ್ತೆ ಕಂಬ ಏರಬಲ್ಲರೋ ಇಲ್ಲವೋ ನೋಡಲು ಸಾಹೇಬರು ಬಂದ ದಿನ ನಾನು ಡೀಸೆಲ್ ಇಂಜಿನ್ನಿನ ಹಿಟ್ಟಿನ ಗಿರಣಿಯ ಮುಂದೆ ಜೋಳದ ಡಬ್ಬಿ ಇಟ್ಟುಕೊಂಡು ಸರದಿಯಲ್ಲಿದ್ದೆ. ಗಿರಣಿಯ ಎದುರಿನ ಕಂಬವನ್ನೇ ತೋರಿಸಿದರು. ಅಣ್ಣ ತಮ್ಮ ಕೈಯಾರೆ ಫ್ಯೂಸು ತೆಗೆದು, ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಏರಿದರು. ಕಾಲು ಮಾತು ಕೇಳಿತು. ನೋಡುತ್ತಿದ್ದವರು ಭೇಷ್ ಎಂದರು. ತಂತಿ ಕೈಗೆಟಕುವ ಎತ್ತರಕ್ಕೆ ಹೋಗಿ ನಿಂತುಬಿಟ್ಟರು.

“ಲೈನ್ ಬಂದ್ ಅದ ಏನ್ರೀ?”

ಬಂದ್ ಇದೆ, ನೀನೇ ತೆಗೆದೆಯಲ್ಲ ಎಂದು ಸಾಹೇಬರು ಕೂಗಿದರು. ಅಣ್ಣ ಕೈ ಮುಂದೆ ಚಾಚಿದರು, ಹಿಂದೆ ತೆಗೆದರು. ಮತ್ತೆ ಕೇಳಿದರು. ಇಳಿದು ಬಂದು ಫ್ಯೂಸು ನೋಡಿ ಮತ್ತೆ ಏರಿದರು, ಅರ್ಧದಿಂದಲೇ ಇಳಿದರು. ಮೂರನೆಯ ಸಲ ಏರಲೇ ಇಲ್ಲ. ಕಂಬದ ಬುಡದಲ್ಲಿ ಕೂತು ಪಟ್ಟಿ ಬಿಚ್ಚತೊಡಗಿದರು. ಕೊಂಡಿ ಬಿಚ್ಚಿಕೊಳ್ಳಲಿಲ್ಲ.

“ಟೈರ್ ಸವದಿದ್ದೇ ಕಾಣ್ಲಿಲ್ರಿ ಸಾಹೇಬ್ರ ನನಗ. ಫ್ಯೂಸು ತೆಗದೇನಿ ಅಂತ ಹ್ಯಾಂಗ ನಂಬ್ಲಿ?”

ಅವರಿಗೂ ನನಗೂ ನಡುವೆ ಹತ್ತು ಹೆಜ್ಜೆ ಇತ್ತು. ಟೈರು ಸವೆದಿರಲಿಲ್ಲ ಎಂದು ಒಂದೇ ಮಾತು ಹೇಳಿದ್ದರೆ ಆ ಮನುಷ್ಯ ಎದ್ದು ಕಂಬ ಏರುತ್ತಿದ್ದರು, ನನಗೆ ಇಂದಿಗೂ ಅನುಮಾನವಿಲ್ಲ. ಗಿರಣಿಯವ ನನ್ನ ಸರದಿ ಬಂತೆಂದು ಕರೆದ. ನಾನು ಡಬ್ಬಿ ಎತ್ತಿಕೊಂಡು ಒಳಗೆ ಹೋದೆ. ಥೂ ನನ್ನ ಜನ್ಮಕ್ಕೆ!

ಅವರಿಗೆ ಅಫಜಲಪುರದ ಕಡೆ ಕರೆಂಟಿನ ಆಫೀಸಿನ ಗೇಟು ಕಾಯುವ ಕೆಲಸ ಕೊಟ್ಟರು. ಸಂಸಾರ ಎತ್ತಿಕೊಂಡು ಹೋದರು. ತೊಂಬತ್ತರ ದಶಕದಲ್ಲಿ ಒಂದು ಅಮಾವಾಸ್ಯೆಗೆ ದೇವಿಯ ದರ್ಶನಕ್ಕೆಂದು ಹೋದ ಘತ್ತರಗಿಯಲ್ಲಿ, ಹೊಳೆಯ ಮೆಟ್ಟಿಲ ಮೇಲೆ, ಗಂಡ ಹೆಂಡತಿ ಇಬ್ಬರೂ ಸಿಕ್ಕಿದ್ದರು. ನನ್ನ ಗಂಡ ಹೊಸ ಮೋಟರ್‌ಸೈಕಲ್ ತೋರಿಸಿ, ಟೈರು ಹೇಗಿವೆ ನೋಡಿ ಎಂದು ಸಲುಗೆಯಿಂದ ಕೇಳಿದರು. ಅಣ್ಣ ಮುಟ್ಟಲಿಲ್ಲ. “ಬ್ಯಾರೇದವ್ರಿಗಿ ತೋರಸ್ರಿ, ನನ್ನ ಕಣ್ಣ ಮ್ಯಾಲ ನನಗೇ ಭರವಸಾ ಇಲ್ಲ” ಎಂದರು. “ದಿನಾ ಒರಸಿದ್ದೇ ಒರಸಿದ್ದು, ಸವದಿದ್ದು ಮಾತ್ರ ಕಾಣ್ಲಿಲ್ಲ” ಎಂದು ವೈನಿ ಚುಚ್ಚಿದರು. ಅದು ಮೊದಲಿನ ಅಣಕವಾಗಿರಲಿಲ್ಲ. ಅಣ್ಣ ತಲೆಯಾಡಿಸಿ ನಕ್ಕರು. ನಾನು ಹೊಳೆಯ ಕಡೆ ಮುಖ ಮಾಡಿ ನಿಂತೆ. ಅವರನ್ನು ನೋಡಿದ್ದು ಅದೇ ಕೊನೆ.

ಆಮೇಲೆ ಅತ್ತೆ ಹೋದರು, ಮಾವ ಹೋದರು. ಮನೆಯ ಮಾನ ಕಾಯಬೇಕು ಎನ್ನುವ ನೆಪವೂ ಅವರ ಜೊತೆ ಹೋಯಿತು. ಆದರೂ ನಾಳೆ ಹೇಳಿದರಾಯಿತು ಎಂದೇ ವರ್ಷ ಕಳೆದೆ. ಕಳೆದ ವರ್ಷ ಬಸ್ಸಿನಲ್ಲಿ ಆ ವಾಸನೆ ಬಂದ ಮೇಲೆ ಮಾತ್ರ ಸುಮ್ಮನಿರಲಾಗಲಿಲ್ಲ. ವಿಚಾರಿಸಿದರೆ ಅಣ್ಣ ತೀರಿಕೊಂಡು ಎರಡು ವರ್ಷವಾಗಿತ್ತು. ಹೋಗುವುದೋ ಬೇಡವೋ... ಕೊನೆಗೆ ಅಫಜಲಪುರದ ಕಡೆಯಿದ್ದ ವೈನಿಯ ಮನೆಗೆ ಹೋದೆ. ನನ್ನ ಮನಸ್ಸು ಹಗುರಾಗಲಿ ಎಂದೇ ಹೋದೆ, ಅದರಲ್ಲಿ ಮುಚ್ಚಿಡುವುದೇನಿದೆ.

ವೈನಿ ಹೊರಕಟ್ಟೆಯ ಮೇಲೆ ಕೂತು ಕೌದಿ ಹೊಲಿಯುತ್ತಿದ್ದರು. ಗುರುತು ಹಿಡಿದು, ನೀರು ಕೊಟ್ಟು, ಪಕ್ಕದಲ್ಲಿ ಕೂರಿಸಿಕೊಂಡರು. ನಾನು ಕಲ್ಲು ಉರುಳಿಸಿದ್ದು, ಹೊಟ್ಟು ಬಿಟ್ಟದ್ದು, ದವಾಖಾನೆಯಲ್ಲಿ ಹೇಳಿದ್ದು ಎಲ್ಲ ಹೇಳಿದೆ. ಬೈಯುತ್ತಾರೆ, ಎದ್ದು ಹೋಗು ಎನ್ನುತ್ತಾರೆ ಎಂದು ಗಟ್ಟಿಯಾಗಿ ಕೂತಿದ್ದೆ. ಅವರು ಸೂಜಿಯನ್ನು ಕೌದಿಗೆ ಚುಚ್ಚಿ ಕೈ ಬಿಟ್ಟರು.

“ಅಂದ್ರ ಅವ್ರದು ಏನೂ ತಪ್ಪಿರ್ಲಿಲ್ಲೇನು?”

“ಇರ್ಲಿಲ್ಲ ವೈನಿ.”

“ಸಾಯೂ ತನಕ ಬೈದೇನಿ ಬೇ ಅವ್ರಿಗಿ. ಒಂದು ಟೈರಿನ ಸಲುವಾಗಿ ಮನಿ ಮುಳಗಿಸಿದ್ರಿ ಅಂತ. ಹೌದು ಹೌದು ಅಂತಿದ್ರು...” ಎಂದು ಬೀದಿಯ ಕಡೆ ನೋಡಿದರು. “ಈಗ ನಾ ಯಾರಿಗಿ ಹೇಳ್ಲಿ?”

ನನ್ನ ಬಸ್ಸಿಗೆ ಇನ್ನೂ ಒಂದು ತಾಸು ಇತ್ತು, ಅಲ್ಲಿಯ ತನಕ ಅವರ ಪಕ್ಕದಲ್ಲೇ ಕೂತಿದ್ದೆ.