ಆಕ್ಸಿಜನ್ ಸಿಲಿಂಡರಿನ ಬಾಯಿಗೆ ಬಳಿದ ಕುಂಕುಮ

ನನ್ನ ಮೊಮ್ಮಗಳು ಪಾಸಾದಳು! ಹಾಸನದಲ್ಲಿ ವೆಲ್ಡಿಂಗ್ ಕಲಿತಳು, ಅಷ್ಟು ಹುಡುಗರ ನಡುವೆ ಒಬ್ಬಳೇ ಹುಡುಗಿ. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಆ ಮಾರ್ಕ್ಸ್ ಕಾರ್ಡ್ ಪೂರ್ತಿ ಓದಲು ಬರಲಿಲ್ಲ. ಅವಳ ಹೆಸರಿದ್ದ ಜಾಗವನ್ನು ಮುಟ್ಟಿ ಮುಟ್ಟಿ ನೋಡಿದೆ.

ಅವತ್ತೇ ಆಯುಧಪೂಜೆ. ಆಲೂರಿನಲ್ಲಿ ರಸ್ತೆ ಬದಿಗೆ ನನ್ನ ಮಗನ ವೆಲ್ಡಿಂಗ್ ಶೆಡ್ಡು. ಒಣ ಕುಂಕುಮ ಕಬ್ಬಿಣದ ಮೇಲೆ ನಿಲ್ಲುವುದಿಲ್ಲವೆಂದು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಕೊಡುವುದು ಪ್ರತಿವರ್ಷವೂ ನನ್ನ ಕೆಲಸ. ಮಗ ಸಿಲಿಂಡರಿನ ಹೊಟ್ಟೆಗೆ ಮೂರು ಬೊಟ್ಟಿಟ್ಟು ಸುಮ್ಮನಾಗುತ್ತಿದ್ದ. ಆ ವರ್ಷ ಮಗಳು ಪಾಸಾದ ಖುಷಿಗೆ ಅವನ ಕೈ ನಿಲ್ಲಲಿಲ್ಲ. ಆಕ್ಸಿಜನ್ ಸಿಲಿಂಡರಿನ ಬಾಯಿಗೂ ಧಾರಾಳವಾಗಿ ಬಳಿದುಬಿಟ್ಟ.

"ಬಾ ಮಗಾ, ಇವತ್ತು ಗ್ಯಾಸ್ ನಿನ್ ಕೈಲೇ ಹಚ್ಚು" ಎಂದು ಸಿಲಿಂಡರ್ ತೆರೆಯಲು ಹೋದ.

ಅವಳು ಓಡಿಬಂದು ಕೈ ಹಿಡಿದಳು. "ಮುಟ್ಬ್ಯಾಡಪ್ಪಾ! ಆಕ್ಸಿಜನ್‌ಗೆ ಎಣ್ಣೆ ತಗುಲ್ಬಾರ್ದು. ಕಡ್ಡಿ ಗೀರೋದೇ ಬ್ಯಾಡ, ತಿರುಗಿಸಿದ ಏಟ್ಗೆ ಹತ್ಕೊಂಡ್ಬುಡ್ತೈತೆ."

"ಒರೆಸಿದ್ರಾತು ಬಿಡು" ಎಂದು ಮಗ ಬಟ್ಟೆ ಎತ್ತಿಕೊಂಡ.

"ಅಯ್ಯೋ, ಆ ಬಟ್ಟೆ ತುಂಬಾ ಗ್ರೀಸ್ ಐತೆ! ಒರೆಸಿದ್ರೆ ಹೋಗಲ್ಲ. ಎಣ್ಣೆ ತಗುಲೈತೆ ಅಂತ ಹೇಳಿ, ಸಿಲಿಂಡರ್ ಕೊಟ್ಟೋರಿಗೇ ವಾಪಸ್ ಕಳ್ಸು."

"ನಾಳೆ ಯಸಳೂರಿನ ಎಸ್ಟೇಟ್ ಟ್ರೈಲರ್ ರಿಪೇರಿ ಯಾರ್ ಮಾಡ್ತಾರೆ, ನಿಮ್ ಮೇಷ್ಟ್ರಾ?"

ನನಗೆ ರೇಗಿಹೋಯಿತು. ಊರವರ ಮಾತು ಕೇಳಿಸಿಕೊಂಡೂ ಕಲಿಯಲು ಕಳಿಸಿದವನು ಅವನೇ, ಕಲಿತದ್ದನ್ನು ಹೇಳಿದರೆ ಕೇಳದವನೂ ಅವನೇ.

"ಟ್ರೈಲರ್ ಕಾಯ್ತದೆ ಕಣೋ. ನಿನ್ ಮುಖ ಸುಟ್ಟೋದ್ರೆ ಅದಕ್ಕೆ ಯಾವನ್ ಬೆಸುಗೆ ಹಾಕ್ತಾನೆ?"

"ಎಣ್ಣೇಲಿ ಕಲಸಿಕೊಟ್ಟೋಳು ನೀನೇ ಅಲ್ವಾ ಅವ್ವಾ?"

ಹಾಳಾದ್ದು, ಇಷ್ಟು ವರ್ಷ ಒಬ್ಬರಾದರೂ ಹೇಳಬಾರದಿತ್ತೇ! ಅವನು ಮಧ್ಯಾಹ್ನ ಊಟಕ್ಕೂ ಬರಲಿಲ್ಲ. ಹಬ್ಬದ ದಿನ, ಮಗಳು ಪಾಸಾದ ದಿನ, ಶೆಡ್ಡಿನ ಮುಂದೆ ಮುಖ ಗಂಟು ಹಾಕಿಕೊಂಡು ಕೂತಿದ್ದ. ಕರೆದು ಕರೆದು ನನಗೂ ಸಾಕಾಯಿತು.

ಸಂಜೆ ಹೋಗಿ ನೋಡಿದರೆ, ಸಿಲಿಂಡರನ್ನು ಮೂಲೆಗೆ ಸರಪಳಿ ಹಾಕಿ ನಿಲ್ಲಿಸಿ, ಅದರ ಮೇಲೆ ಸೀಮೆಸುಣ್ಣದಲ್ಲಿ "ಎಣ್ಣೆ ಐತೆ, ತೆರೀಬ್ಯಾಡಿ" ಎಂದು ತಾನೇ ಬರೆದಿದ್ದ. ಕೈ ತೊಳೆದು ಬಂದು ಮಗಳ ಪಕ್ಕ ಊಟಕ್ಕೆ ಕೂತ. ಎಲ್ಲರೂ ಕೂತೆವು. ಸೊಸೆ ಹೋಳಿಗೆ ಬಡಿಸಿ ತುಪ್ಪದ ಗಿಂಡಿ ತಂದಳು.

"ಆ ಗ್ಯಾಸ್‌ಗೆ ತುಪ್ಪಾನೂ ಆಗಲ್ವೇನೇ?" ಎಂದ ಮಗ.

"ತುಪ್ಪಾನೂ ಆಗಲ್ಲಪ್ಪಾ."

"ಹಂಗಾರೆ ಅದ್ರ ಪಾಲೂ ನಂಗೇ ಹಾಕು" ಎಂದು ತಟ್ಟೆ ಮುಂದೆ ತಳ್ಳಿದ.