ಚಾವಡಿಯಲ್ಲಿ ನಾನು ಹೇಳಿದ ಹೆಸರು

ಸುನೀತಾ ಟೀಚರ್, ಶಾಲೆಯ ಆಡಳಿತ ನೋಡುವ ಸಂಚಾಲಕರಿಗೆ ನಿಮ್ಮ ಹೆಸರು ಹೇಳಿದ್ದು ಜಯಂತಿಯಲ್ಲ — ನಾನು.

ವಿಟ್ಲದ ಹತ್ತಿರದ ನಮ್ಮ ಹೈಸ್ಕೂಲಿಗೆ ಆಗಲೂ ನಾನೇ ಮುಖ್ಯೋಪಾಧ್ಯಾಯಿನಿ. ನೀವು ಗಣಿತದ ಟೀಚರ್, ಜಯಂತಿ ನಿಮ್ಮ ಜೊತೆಯ ಟೀಚರ್, ಗೆಳತಿ. ಶಾಲೆ ನಡೆಸುತ್ತಲೇ ನಾನು ಡಾಕ್ಟರೇಟಿಗೆ ಸೇರಿದ್ದೆ. ವಿಷಯ — ಬರೆಯಲು ಈಗ ನಾಚಿಕೆಯಾಗುತ್ತದೆ — ಮುಖ್ಯಸ್ಥರ ಎದುರು ಶಿಕ್ಷಕರು ಎಷ್ಟು ಧೈರ್ಯವಾಗಿ ಮಾತಾಡುತ್ತಾರೆ ಎಂಬುದು. ಯಾರ ಹೆಸರೂ ಹೊರಗೆ ಹೋಗುವುದಿಲ್ಲ ಎಂದು ಮಾತು ಕೊಟ್ಟು ನಿಮ್ಮನ್ನೆಲ್ಲ ಸಂದರ್ಶನಕ್ಕೆ ಕೂರಿಸಿದ್ದೆ. ಉಳಿದವರು ನನ್ನನ್ನು ಹೊಗಳಿ ಎದ್ದುಹೋದರು. ನೀವು ಮಾತ್ರ ಬಾಗಿಲು ಮುಚ್ಚಿ ಕೂತಿರಿ.

"ನಮ್ಮ ಶಾಲೆಯ ತೀರ್ಮಾನ ಎಲ್ಲ ಸಂಚಾಲಕರ ಚಾವಡಿಯಲ್ಲಿ ಆಗುವುದು ಮೇಡಂ. ಮೀಟಿಂಗಲ್ಲಿ ನೀವು ಅದನ್ನು ನಮಗೆ ಓದಿ ಹೇಳ್ತೀರಿ, ಅಷ್ಟೆ. ನಿಮಗೆ ಹೆದರಿಕೆ ಉಂಟು. ಜಯಂತಿ ಹತ್ರ ಬಿಟ್ಟರೆ ಇದನ್ನು ನಾನು ಎಲ್ಲಿಯೂ ಹೇಳ್ಲಿಲ್ಲ."

ಚುಚ್ಚಿತು. ಆದರೂ ಆ ಮಾತನ್ನು ಹೆಸರಿಲ್ಲದೆ ಪ್ರಬಂಧಕ್ಕೆ ಸೇರಿಸಿದೆ. ಅಷ್ಟು ಜೀವವಿದ್ದ ಮಾತು ನನ್ನಲ್ಲಿ ಬೇರೆ ಇರಲಿಲ್ಲ.

ಪ್ರಬಂಧ ಮುಗಿಸಲು ನನಗೆ ರಜೆ ಬೇಕಿತ್ತು. ಸಂಚಾಲಕರು, ಮೊದಲು ತಾವು ಅದನ್ನು ಓದಬೇಕೆಂದರು. ಅವರ ಮನೆಯ ಚಾವಡಿಯಲ್ಲಿ ನಾನು ಕಾದು ಕೂತಿದ್ದೆ. ಒಂದು ಪುಟದಲ್ಲಿ ಅವರ ಬೆರಳು ನಿಂತಿತು.

"ಈ ಮಾತು ಯಾರದ್ದು ಟೀಚರ್?"

ಗದರಲಿಲ್ಲ, ಬೆದರಿಸಲಿಲ್ಲ. ಹೇಳಲಿಕ್ಕೆ ಆಗುವುದಿಲ್ಲ ಎಂದಿದ್ದರೆ — ರಜೆ ಸಿಗುತ್ತಿರಲಿಲ್ಲವೇನೋ, ಪದವಿ ತಡವಾಗುತ್ತಿತ್ತೇನೋ, ಅಷ್ಟೆ. "ಸುನೀತಾ," ಎಂದೆ. ಹೆದರಿ ಹೇಳಿದೆ ಎಂದು ಬಹಳ ಕಾಲ ನಂಬಿಕೊಂಡಿದ್ದೆ. ಪೂರ್ತಿ ನಿಜವಲ್ಲ. ನನ್ನ ಹೆದರಿಕೆಯನ್ನು ನೀವು ಕಂಡುಬಿಟ್ಟಿದ್ದಿರಲ್ಲ — ಆ ಸಿಟ್ಟೂ ಸೇರಿತ್ತು.

ಬೇಸಿಗೆ ರಜೆ ಕಳೆದು ಶಾಲೆ ತೆರೆಯುವ ಹೊತ್ತಿಗೆ, ಚಾವಡಿಯ ಬಗ್ಗೆ ಆಡಿದ ಮಾತಿಗಾಗಿ ಸಂಚಾಲಕರು ನಿಮ್ಮನ್ನು ಬರಬೇಡಿ ಎಂದರು. ನೀವು ನನ್ನ ಕೋಣೆಗೇ ಬಂದಿರಿ. "ಜಯಂತಿ ಹೀಗೆ ಮಾಡ್ತಾಳೆ ಅಂತ ಗ್ರಹಿಸಿರ್ಲಿಲ್ಲ. ನೀವು ಸಂಚಾಲಕರಿಗೆ ಒಂದು ಮಾತು ಹೇಳಿ ನೋಡಿ ಮೇಡಂ."

"ಹೇಳ್ತೇನೆ," ಎಂದೆ. ಹೇಳಲಿಲ್ಲ. ಜಯಂತಿಯಲ್ಲ ಎಂದೂ ಹೇಳಲಿಲ್ಲ — ಒಂದೇ ಸ್ಕೂಟರಿನಲ್ಲಿ ಶಾಲೆಗೆ ಬರುತ್ತಿದ್ದವರು ನೀವಿಬ್ಬರು. ನೀವು ಬೆಳ್ತಂಗಡಿಯ ಶಾಲೆಯೊಂದಕ್ಕೆ ಹೋದಿರಿ.

ಮೌಖಿಕ ಪರೀಕ್ಷೆಯ ದಿನ ಪರೀಕ್ಷಕರು ನಿಮ್ಮ ಮಾತನ್ನೇ ಗಟ್ಟಿಯಾಗಿ ಓದಿದರು. "ಈ ಶಿಕ್ಷಕರು ಈಗಲೂ ನಿಮ್ಮ ಶಾಲೆಯಲ್ಲಿ ಇದ್ದಾರಾ?"

ಏನೂ ತಿಳಿಯದ ನನ್ನ ಮಾರ್ಗದರ್ಶಕರು ಹೆಮ್ಮೆಯಿಂದ ನನ್ನತ್ತ ನೋಡುತ್ತಿದ್ದರು.

"ಇದ್ದಾರೆ ಸರ್."

"ಹಾಗಾದರೆ ನೀವು ಬರೆದದ್ದನ್ನು ಮಾಡಿಯೂ ತೋರಿಸಿದ್ದೀರಿ," ಎಂದರು. ಅಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ನಾನು ಕೈಮುಗಿದೆ.

ಹೋದ ವಾರ ಮೂಡುಬಿದಿರೆಯಲ್ಲಿ ಶಿಕ್ಷಕರ ತರಬೇತಿ ಇತ್ತಲ್ಲ. ವೇದಿಕೆಯಲ್ಲಿ ನಾನು — ಡಾಕ್ಟರ್. ನೀವು ಬಂದದ್ದನ್ನು ಕಂಡು ಜಯಂತಿ ಪಕ್ಕದ ಕುರ್ಚಿಯಿಂದ ತನ್ನ ಚೀಲ ತೆಗೆದಿಟ್ಟರು. ನೀವು ನೋಡಿದಿರಿ, ನೋಡಿ, ಹಿಂದಿನ ಸಾಲಿಗೆ ಹೋದಿರಿ. ಆ ಕುರ್ಚಿ ಕೊನೆಯವರೆಗೂ ಖಾಲಿಯೇ ಇತ್ತು. ಏನು ಮಾತಾಡಿದೆನೋ ನನಗೆ ನೆನಪಿಲ್ಲ.

ಮಾರನೆಯ ದಿನ ಜಯಂತಿಯನ್ನು ಕರೆದು ಎಲ್ಲ ಹೇಳಿದೆ.

"ಅವಳ ಮಗಳ ಮದುವೆಗೆ ನನಗೆ ಹೇಳಿಕೆ ಇರ್ಲಿಲ್ಲ ಮೇಡಂ. ಏನು ತಪ್ಪು ಮಾಡಿದೆ ಅಂತ ಇಷ್ಟು ವರ್ಷ ಯೋಚನೆ ಮಾಡ್ತಾ ಇದ್ದೆ."

ಎದ್ದು ತರಗತಿಗೆ ಹೋದರು.

ಮಾರ್ಗದರ್ಶಕರಿಗೂ ತಿಳಿಸಿದ್ದೇನೆ, ಪದವಿಯ ಬಗ್ಗೆ ಏನು ಮಾಡಬೇಕೋ ಅವರು ಮಾಡಲಿ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಬೆಳ್ತಂಗಡಿಗೆ, ನಿಮ್ಮ ಮನೆಗೆ ಬರುತ್ತೇನೆ. ಒಳಗೆ ಕರೆಯಬೇಕೆಂದಿಲ್ಲ, ಅಂಗಳದಲ್ಲೇ ನಿಂತು, ಇದನ್ನೆಲ್ಲ ನಿಮ್ಮ ಮುಖ ನೋಡಿ ಇನ್ನೊಮ್ಮೆ ಹೇಳಬೇಕು. ನನ್ನನ್ನು ಕ್ಷಮಿಸಿ ಎಂದು ಕೇಳಲಿಕ್ಕಲ್ಲ. ಜಯಂತಿಗೆ ಒಂದು ಫೋನು ಮಾಡಿ ಎಂದು ಕೇಳಲಿಕ್ಕೆ.